ಅತ್ತೆ ಹಿಡಿದ ಹಲಗೆ

ಅಳಿಯನ ಮೋಟಾರ್ ಸೈಕಲ್ ಶುರುವಿನಲ್ಲೇ ಕೆಟ್ಟು ನಿಲ್ಲಲಿ ಎಂದು ಹಾರೈಸಿಕೊಂಡೇ ಅತ್ತೆ ಮೊದಲ ಸಲ ರೇಸ್ ನೋಡಲು ಹೋಗಿದ್ದಳು. ತಾನು ಅಂದದ್ದೇ ನಿಜವಾಯಿತು ಎಂದು ಮಗಳ ಮುಖಕ್ಕೆ ಹೇಳುವ ಆಸೆ ಆಕೆಗೆ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿ ತಲೆ ನರೆಸಿಕೊಂಡವಳು. ಎಂಥ ಮೀಸೆಯ ಡ್ರೈವರ್ ಆದರೂ ಆಕೆಯ ಕಿಟಕಿಯ ಮುಂದೆ ನಿಂತಾಗ ಒದ್ದೆ ಬೆಕ್ಕಿನ ಹಾಗೆ ಆಗುತ್ತಿದ್ದ. ಅಂಥವಳ ಒಬ್ಬಳೇ ಮಗಳು ಹೋಗಿ ಹೋಗಿ ಇಸ್ತ್ರಿ ಅಂಗಡಿಯವನನ್ನು ಮೆಚ್ಚಿಕೊಂಡಿದ್ದಳು. ಅವನಾದರೂ ನೆಟ್ಟಗೆ ಇಸ್ತ್ರಿ ಮಾಡಿಕೊಂಡಿದ್ದನೇ? ರಜೆ ಬಂದರೆ ಸಾಕು, ಗಾಡಿ ಹತ್ತಿ ರೇಸಿಗೆ ಓಡುತ್ತಿದ್ದ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಇಸ್ತ್ರಿ ಎಂದು. ಮೊದಮೊದಲು ಗೇಲಿಗೆ ಕರೆದರು, ಆಮೇಲೆ ಗೌರವಕ್ಕೆ. ಅಪ್ಪನ ಅಂಗಡಿಯಲ್ಲಿ ಇಸ್ತ್ರಿ ಮಾಡಿಟ್ಟ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸುವುದು ಅವನ ಕೆಲಸವಾಗಿತ್ತು. ಗಾಡಿಯ ಹಿಂದೆ ಬಟ್ಟೆಯ ಗಂಟು. ಬ್ರೇಕ್ ಗಕ್ಕನೆ ಹಾಕಿದರೆ ಗಂಟು ಮುಂದಕ್ಕೆ ಕುಸಿಯುತ್ತಿತ್ತು, ತಿರುವಿನಲ್ಲಿ ಹ್ಯಾಂಡಲ್ ಎಳೆದರೆ ಪಕ್ಕಕ್ಕೆ ಜಾರುತ್ತಿತ್ತು. ಒಂದು ಅಂಗಿಗೆ ಸುಕ್ಕು ಬಿತ್ತೋ, ಗಿರಾಕಿ ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರು, ಅಪ್ಪ ಇಡೀ ಗಂಟನ್ನು ಬಿಚ್ಚಿ ಅವನ ಕೈಗೇ ಇಸ್ತ್ರಿಪೆಟ್ಟಿಗೆ ಕೊಡುತ್ತಿದ್ದ. ಆ ಕಾಟ ತಪ್ಪಿಸಿಕೊಳ್ಳಲು ಅವನು ಗಾಡಿಯನ್ನು ತಿರುಗಿಸುವುದನ್ನೇ ಬಿಟ್ಟ, ಒರಗಿಸುವುದನ್ನು ಕಲಿತ. ಬ್ರೇಕನ್ನು ಹಿಡಿಯುತ್ತಿರಲಿಲ್ಲ, ಒತ್ತುತ್ತಿದ್ದ. ಬೇರೆಯವರಿಗೆ ದೊಡ್ಡ ದೊಡ್ಡ ತರಬೇತಿ ಶಾಲೆಗಳು ವರ್ಷಗಟ್ಟಲೆ ಹೇಳಿಕೊಡುವುದನ್ನು ಇವನಿಗೆ ಮಡಿಸಿಟ್ಟ ಅಂಗಿಗಳು ಹೇಳಿಕೊಟ್ಟವು.

ಆ ಮೊದಲ ರೇಸಿನಲ್ಲಿ ಅವನ ಗಾಡಿ ಕೆಡಲಿಲ್ಲ. ಎಲ್ಲರಿಗಿಂತ ಹಳೆಯ ಗಾಡಿಯಲ್ಲಿ ಮೂರನೆಯವನಾಗಿ ಬಂದ. ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತಳು. ಮಗಳು ಕೆಣಕಿದಳು.

"ಏನಮ್ಮಾ, ನಿನ್ನ ಅಳಿಯ ಹೇಗೆ ಓಡಿಸಿದ?"

"ಅಳಿಯ ಗಿಳಿಯ ಅನ್ನಬೇಡ ನನ್ನ ಹತ್ರ."

"ಸರಿ, ನನ್ನ ಗಂಡ ಹೇಗೆ ಓಡಿಸಿದ?"

"ಅಳಿಯ ಅಲ್ಲ, ಮಗಳ ಗಂಡ! ಚೆನ್ನಾಗಿ ಕಲಿತಿದ್ದೀಯ ಮಾತಾಡೋದು," ಎಂದು ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಗು ಬಂದದ್ದು ಮಗಳಿಗೆ ಕಾಣಬಾರದಿತ್ತು.

ಹಲಗೆ ಆಕೆಯ ಕೈಗೆ ಬಂದದ್ದು ಅದೇ ವರ್ಷ, ಒಂದು ಸುಳ್ಳಿನಿಂದಾಗಿ.

ಮೋಟಾರ್ ಸೈಕಲ್ ರೇಸಿನಲ್ಲಿ ಓಡಿಸುವವನ ಕಿವಿಗೆ ಯಾರ ಮಾತೂ ಮುಟ್ಟುವುದಿಲ್ಲ. ಅವನ ಕಡೆಯವರು ಟ್ರ್ಯಾಕಿನ ಪಕ್ಕದ ಮೋಟುಗೋಡೆಯ ಹಿಂದೆ ನಿಂತು, ಅವನು ಪ್ರತಿ ಸುತ್ತಿಗೂ ಎದುರಿನಿಂದ ಹಾದುಹೋಗುವಾಗ ಒಂದು ಕಪ್ಪು ಹಲಗೆ ಎತ್ತಿ ತೋರಿಸುತ್ತಾರೆ. ಹಲಗೆಯ ಸಂದುಗಳಲ್ಲಿ ಹಳದಿ ಅಂಕಿಗಳನ್ನು ಸಿಕ್ಕಿಸಿರುತ್ತಾರೆ. ನೀನು ಎಷ್ಟನೆಯವನು, ನಿನಗೂ ಹಿಂದಿನವನಿಗೂ ಎಷ್ಟು ಸೆಕೆಂಡು ಅಂತರ, ಇನ್ನೆಷ್ಟು ಸುತ್ತು ಬಾಕಿ. ಕಣ್ಣು ಮಿಟುಕಿಸುವಷ್ಟರಲ್ಲಿ ಓದಿಕೊಳ್ಳಬೇಕು. ಈ ಹಲಗೆಯ ಮೇಲೆ ಸುಳ್ಳು ಬರೆಯುವುದು ಆ ಲೋಕದಲ್ಲಿ ತಪ್ಪೇ ಅಲ್ಲ. ಸೋಮಾರಿಯಾದವನಿಗೆ 'ಬೆನ್ನ ಹಿಂದೆಯೇ ಇದ್ದಾನೆ' ಎಂದು ಬರೆದು ಓಡಿಸುತ್ತಾರೆ, ಬಿಸಿ ತಲೆಯವನಿಗೆ 'ದೂರ ಇದ್ದಾನೆ' ಎಂದು ಬರೆದು ತಣ್ಣಗಾಗಿಸುತ್ತಾರೆ. ಅದಕ್ಕೇ ಓಡಿಸುವವರು ಹಲಗೆಯನ್ನು ಅರ್ಧ ನಂಬಿ, ಮಿಕ್ಕರ್ಧಕ್ಕೆ ಕತ್ತು ತಿರುಗಿಸಿ ಹಿಂದೆ ನೋಡಿಕೊಳ್ಳುತ್ತಾರೆ.

ಆಗ ಇಸ್ತ್ರಿಯ ಹಲಗೆ ಹಿಡಿಯುತ್ತಿದ್ದವನು ಅವನ ಮೆಕ್ಯಾನಿಕ್. ಕೈ ಚಿನ್ನದಂಥದ್ದು, ಬುದ್ಧಿ ಮಾತ್ರ ಆಗಾಗ ಮೇಯಲು ಹೋಗುತ್ತಿತ್ತು. ಒಂದು ದಿನ ಹಿಂದಿನವನು ಎಲ್ಲೋ ಇದ್ದರೂ ಪಕ್ಕದಲ್ಲೇ ಇದ್ದಾನೆ ಎಂದು ಬರೆದ. ಇಸ್ತ್ರಿ ನಂಬಿ, ಇಲ್ಲದ ಶತ್ರುವಿನಿಂದ ತಪ್ಪಿಸಿಕೊಳ್ಳಲು ಹೋಗಿ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಯ ಕಾರಿಡಾರಿನಲ್ಲಿ ಮೆಕ್ಯಾನಿಕ್ ತಲೆ ಕೆರೆದುಕೊಂಡ.

"ಸ್ವಲ್ಪ ಚುರುಕಾಗಲಿ ಅಂತ ಬರೆದೆ ಕಣಮ್ಮಾ."

"ಚುರುಕಾಗಲಿ ಅಂತಾನಾ? ನಾನು ಒಂಬತ್ತಕ್ಕೆ ಹೊರಡೋ ಬಸ್ಸನ್ನ ಎಂಟಕ್ಕೆ ಅಂತ ಬರೆದಿದ್ರೆ ಜನ ನನ್ನ ಕಿಟಕಿಗೆ ಕಲ್ಲು ಹೊಡೀತಿದ್ರು. ಕೊಡು ಇಲ್ಲಿ ಆ ಹಲಗೆ!"

ಹಲಗೆ ಆಗ ಆಸ್ಪತ್ರೆಯಲ್ಲಿ ಇರಲಿಲ್ಲ, ಗ್ಯಾರೇಜಿನಲ್ಲಿತ್ತು. ಮೆಕ್ಯಾನಿಕ್ ಓಡಿಹೋಗಿ ತಂದುಕೊಟ್ಟ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಅಳಿಯ ಹೇಳಿದ: "ಅತ್ತೆ, ನನ್ನದೊಂದೇ ಮಾತು. ಒಳ್ಳೇದೋ ಕೆಟ್ಟದೋ, ಇದ್ದಿದ್ದನ್ನ ಇದ್ದ ಹಾಗೆ ಬರೀರಿ. ನಾನು ಹಿಂದೆ ತಿರುಗಿ ನೋಡೋದಿಲ್ಲ."

"ಬರೀತೀನಿ. ಆಮೇಲೆ ಹೆದರಿಕೆ ಆಯ್ತು ಅಂತ ಅಳಬೇಡ."

ಅಲ್ಲಿಂದ ಮುಂದೆ ಅವನು ತಿರುಗಿ ನೋಡಲೇ ಇಲ್ಲ. ಕತ್ತು ತಿರುಗಿಸಿದರೆ ಭುಜ ಅಲುಗುತ್ತದೆ, ಭುಜ ಅಲುಗಿದರೆ ಗಾಡಿ ಅಲುಗುತ್ತದೆ, ಅಷ್ಟರಲ್ಲಿ ತಿರುವಿಗೆ ಸುಕ್ಕು ಬೀಳುತ್ತದೆ. ಇಸ್ತ್ರಿಯ ತಿರುವಿಗೆ ಸುಕ್ಕು ಬೀಳುತ್ತಿರಲಿಲ್ಲ. ಅವನು ಗೆದ್ದ, ಮತ್ತೆ ಗೆದ್ದ. ದೊಡ್ಡ ತಂಡದವರು ಕರೆದರು. ಕರೆದಾಗ ಅವನು ಹಾಕಿದ ಷರತ್ತು ಎರಡೇ: ಮೆಕ್ಯಾನಿಕ್ ನನ್ನವನೇ ಇರಬೇಕು, ಹಲಗೆ ನಮ್ಮ ಅತ್ತೆಯದೇ ಇರಬೇಕು. ತಂಡದ ಮ್ಯಾನೇಜರಿಗೆ ಇದು ನುಂಗಲಾರದ ತುತ್ತಾಯಿತು. ಕೊಡೆ ಹಿಡಿದು, ಕಂಕುಳಲ್ಲಿ ನೀರಿನ ಬಾಟಲಿ ಸಿಕ್ಕಿಸಿಕೊಂಡು ಗೋಡೆಯ ಹತ್ತಿರ ಬರುವ ಹೆಂಗಸನ್ನು ಅವರು ಆ ಜಾಗದಲ್ಲಿ ಎಂದೂ ಕಂಡಿರಲಿಲ್ಲ. ಆದರೆ ಮೊದಲ ವರ್ಷವೇ ಅಳಿಯ ಚಾಂಪಿಯನ್ ಆದ. ಆಮೇಲೆ ಆ ಮೋಟುಗೋಡೆಯ ಉದ್ದಕ್ಕೂ, ಎದುರಾಳಿ ತಂಡದವರೂ ಸೇರಿ, ಎಲ್ಲರೂ ಆಕೆಯನ್ನು ಅತ್ತೆ ಎಂದೇ ಕರೆಯತೊಡಗಿದರು.

ಚಾಂಪಿಯನ್ ಎಂದರೆ ಕಪ್ ಎತ್ತುವವನು ಎಂದು ಜನ ತಿಳಿದಿರುತ್ತಾರೆ. ಇಸ್ತ್ರಿಯನ್ನು ನೋಡಬೇಕಾದದ್ದು ಮಳೆಯಲ್ಲಿ. ಬೇರೆಯವರು ಒಬ್ಬೊಬ್ಬರಾಗಿ ಜಾರಿ ಹುಲ್ಲಿನ ಮೇಲೆ ಬೀಳುತ್ತಿದ್ದರೆ ಅವನು ಒದ್ದೆ ರಸ್ತೆಯ ಮೇಲೆ ಅಂಗಿಗಳ ಗಂಟು ಹೊತ್ತವನ ಹಾಗೆ ನಿಧಾನವೆಂದು ಕಾಣುವಂತೆ ಹೋಗುತ್ತಿದ್ದ, ಗಡಿಯಾರ ನೋಡಿದರೆ ಅವನೇ ಎಲ್ಲರಿಗಿಂತ ಜೋರು. ರೇಸ್ ಮುಗಿದ ಮೇಲೆ ಟೈರಿನವನು ಅವನ ಚಕ್ರ ಬಿಚ್ಚಿ ಪಕ್ಕದ ತಂಡಗಳ ಟೈರಿನವರನ್ನು ಕರೆದು ತೋರಿಸುತ್ತಿದ್ದ, ಮದುವೆ ಗಂಡು ತೋರಿಸುವವನ ಹಾಗೆ. ಇತ್ತ ಅಂಚಿನಿಂದ ಅತ್ತ ಅಂಚಿಗೆ ಒಂದೇ ಸಮ ಸವೆದಿರುತ್ತಿತ್ತು.

ಅತ್ತೆಗೆ ಅಳಿಯನ ಮೇಲೆ ನಿಜವಾದ ಮರ್ಯಾದೆ ಹುಟ್ಟಿದ್ದು ಮಾತ್ರ ಗೆದ್ದ ದಿನವಲ್ಲ, ಸೋತ ದಿನ. ಒಮ್ಮೆ ಎಲ್ಲರಿಗಿಂತ ಮುಂದೆ ಇದ್ದ ಇಸ್ತ್ರಿ ಒಂದು ಸುತ್ತಿನಲ್ಲಿ ಇದ್ದಕ್ಕಿದ್ದಂತೆ ತಡವಾಗಿ ಬಂದ, ಒಂಬತ್ತನೆಯವನಾಗಿ ಮುಗಿಸಿದ. ಸ್ಟಾಪ್ ವಾಚು ಹಿಡಿದುಕೊಂಡು ಆಕೆ ಅವನನ್ನು ತಡೆದು ನಿಲ್ಲಿಸಿದಳು.

"ಅಳಿಯಂದಿರು ಆ ಸುತ್ತಿನಲ್ಲಿ ಎಲ್ಲಿಗೆ ದಯಮಾಡಿಸಿದ್ರಿ?" ಕೋಪ ಬಂದಾಗ ಮಾತ್ರ ಆಕೆಗೆ ಬಹುವಚನ ಬರುತ್ತಿತ್ತು.

"ದಾರೀಲಿ ಸ್ವಲ್ಪ ಕೆಲಸ ಇತ್ತು ಅತ್ತೆ."

ಕೆಲಸ ಏನೆಂದು ಸಂಜೆ ಬೇರೆಯವರಿಂದ ತಿಳಿಯಿತು. ಆಚೆ ಬದಿಯ ತಿರುವಿನಲ್ಲಿ ಒಬ್ಬ ಬಿದ್ದಿದ್ದನಂತೆ, ಕಾಲು ಗಾಡಿಯಡಿ ಸಿಕ್ಕಿ ಪೆಟ್ರೋಲ್ ಸೋರುತ್ತಿತ್ತಂತೆ. ಇಸ್ತ್ರಿ ಇಳಿದು ಗಾಡಿ ಎತ್ತಿ, ಅವನನ್ನು ಎಳೆದು ಹುಲ್ಲಿಗೆ ಹಾಕಿ, ಮತ್ತೆ ಹತ್ತಿ ಹೋಗಿದ್ದ. ಬಿದ್ದವನು ಹೊಸಬ, ಉದ್ದ ಕಾಲಿನ ಸಣಕಲ. ಗಾಡಿಯ ಮೇಲೆ ಮುದುರಿ ಕೂತರೆ ಮಂಡಿ ಕಿವಿಗೆ ತಾಗುತ್ತಿದ್ದುದರಿಂದ ಅವನಿಗೆ ಮಿಡತೆ ಎಂದು ಹೆಸರು. ಅವತ್ತು ರಾತ್ರಿ ಊಟಕ್ಕೆ ಅತ್ತೆಯೇ ಅಳಿಯನಿಗೆ ಬಡಿಸಿದಳು. ತಟ್ಟೆಗೆ ಎರಡನೆಯ ಸಲ ಅನ್ನ ಬಡಿಸುವಾಗ ಅವನು ಸಾಕು ಅಂದರೂ ಕೇಳಲಿಲ್ಲ.

ವರ್ಷಗಳು ಹೋದವು. ಇಸ್ತ್ರಿ ನಾಲ್ಕು ಸಲ ಚಾಂಪಿಯನ್ ಆದ. ಮಿಡತೆಯೂ ಬೆಳೆದು ಅವನ ಹಿಂದೆಯೇ ಬಂದು ನಿಂತ. ಐದನೆಯ ಸಲದ ವರ್ಷ ಕೊನೆಯ ರೇಸಿಗೆ ಬಂದಾಗ ಲೆಕ್ಕ ಸರಳವಾಗಿತ್ತು: ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರೇ ಚಾಂಪಿಯನ್. ಆದರೆ ಇಸ್ತ್ರಿ ಕೆಲವು ವಾರಗಳ ಹಿಂದೆ ಅಭ್ಯಾಸದಲ್ಲಿ ಬಿದ್ದು ಎಡ ಭುಜದ ಮೂಳೆ ಮುರಿದುಕೊಂಡಿದ್ದ. ಒಳಗೆ ಲೋಹದ ಪಟ್ಟಿ ಇಟ್ಟು ತಿರುಪು ಬಿಗಿದಿದ್ದರು. ಇದರ ಮೇಲೆ ಇನ್ನೊಂದು ಸಲ ಬಿದ್ದರೆ ಕೈ ಎತ್ತುವುದನ್ನು ಮರೆತುಬಿಡಬೇಕು ಎಂದು ಡಾಕ್ಟರು ಹೇಳಿದ್ದರು.

"ಇದೊಂದು ಗೆದ್ದುಬಿಡ್ತೀನಿ. ಗೆದ್ದ ಮೇಲೆ ನಿಲ್ಲಿಸಿಬಿಡ್ತೀನಿ," ಎಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ರೇಸಿನ ಬೆಳಿಗ್ಗೆ ಮಗಳು ಅವನ ಭುಜಕ್ಕೆ ಪಟ್ಟಿ ಸುತ್ತಿ, ಹೊರಗೆ ಬಂದು ಅಮ್ಮನ ಪಕ್ಕ ನಿಂತಳು.

"ಅಮ್ಮಾ, ಕಪ್ ಬರಲಿ ಬಿಡಲಿ. ಇವನು ಪೂರ್ತಿ ವಾಪಸು ಬಂದ್ರೆ ಸಾಕು ನನಗೆ."

ಅತ್ತೆ ಅಂಕಿಗಳ ಡಬ್ಬಿ ಎತ್ತಿಕೊಂಡು ಗೋಡೆಯ ಕಡೆ ನಡೆದಳು. ಆದರೆ ಮಾತು ಹೊಟ್ಟೆಯೊಳಗೆ ಹೋಗಿ ಕೂತಿತು.

ಇಸ್ತ್ರಿ ಮೊದಲಿನಿಂದಲೇ ಮುಂದಿದ್ದ. ಮಿಡತೆ ಎರಡನೆಯವನು. ಅಂತರ ಮೂರು ಸೆಕೆಂಡು, ಬಹಳ ಹೊತ್ತು ಹೆಚ್ಚದೆ, ಕಡಿಮೆಯಾಗದೆ ಅಲ್ಲೇ ಇತ್ತು. ಅತ್ತೆ ಪ್ರತಿ ಸುತ್ತಿಗೂ ಮೂರು ಎಂದು ತೋರಿಸುತ್ತಿದ್ದಳು, ಅದು ನಿಜವೂ ಆಗಿತ್ತು. ಮುಗಿಯಲು ನಾಲ್ಕು ಸುತ್ತು ಇರುವಾಗ ಗೋಡೆಯ ಎದುರಿನ ತಿರುವಿನಲ್ಲಿ ಆಕೆ ಎಂದೂ ನೋಡದ್ದನ್ನು ನೋಡಿದಳು. ಒಂದೇ ಉಸಿರಿಗೆ ಒರಗುತ್ತಿದ್ದ ಗಾಡಿ ಎರಡು ಸಲ ತಡೆದು ಒರಗಿತು. ಅವನ ಎಡಗೈ ಸೋತಿತ್ತು. ಆ ಸುತ್ತಿಗೆ ಅಂತರ ಎರಡಾಯಿತು, ಆಕೆ ಅಂಕಿ ಬದಲಿಸುವಷ್ಟರಲ್ಲಿ ಅವನು ಹಾದುಹೋಗಿದ್ದ. ಮುಂದಿನ ಸುತ್ತಿಗೆ ಒಂದು ಚಿಲ್ಲರೆ.

ಹಲಗೆಯ ಮೇಲೆ ಒಂದು ಎಂದು ಕಂಡರೆ ಅವನು ಏನು ಮಾಡುತ್ತಾನೆ ಎಂಬುದು ಆಕೆಗೆ ತನ್ನ ಅಂಗೈ ಗೆರೆಯಷ್ಟೇ ಚೆನ್ನಾಗಿ ಗೊತ್ತಿತ್ತು. ಬ್ರೇಕನ್ನು ಇನ್ನೂ ತಡವಾಗಿ ಒತ್ತುತ್ತಾನೆ, ಮೈಭಾರವೆಲ್ಲ ಆ ಮುರಿದ ಭುಜದ ಮೇಲೆ ಬೀಳುತ್ತದೆ. ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಡಿಪೋದಲ್ಲಿ ಎಂದೂ ತಪ್ಪದ ಲೆಕ್ಕ. ಈ ವೇಗದಲ್ಲಿ ಬಂದರೆ ಮಿಡತೆ ಇವನ ಹಿಂದಿನ ಚಕ್ರ ಮುಟ್ಟುವಷ್ಟರಲ್ಲಿ ರೇಸೇ ಮುಗಿಯುತ್ತದೆ. ಮುಟ್ಟಿದರೂ ಏನು? ಕೊನೆಯ ತಿರುವಿನಲ್ಲಿ ಇಸ್ತ್ರಿಯನ್ನು ಇವತ್ತಿನವರೆಗೆ ಯಾರೂ ದಾಟಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನು ತನ್ನ ಪಾಡಿಗೆ ತಾನು ಬರಲಿ.

ಕೈಗೆತ್ತಿಕೊಂಡಿದ್ದ ಒಂದರ ಅಂಕಿಯನ್ನು ಆಕೆ ಡಬ್ಬಿಗೆ ವಾಪಸು ಹಾಕಿದಳು. ಹಲಗೆಯ ಮೇಲೆ ಮೂರು ಹಾಗೆಯೇ ಉಳಿಯಿತು. ಪಕ್ಕದಲ್ಲಿ ಅಂತರದ ಅಂಕಿ ಬರುವ ಪರದೆ ನೋಡುತ್ತಿದ್ದ ಮ್ಯಾನೇಜರ್ ಹಲಗೆ ನೋಡಿದ, ಆಕೆಯ ಮುಖ ನೋಡಿದ. ಇಷ್ಟು ವರ್ಷ ಸಣ್ಣಪುಟ್ಟ ಸುಳ್ಳು ಬರೆಯಿರಿ ಎಂದು ಗೋಗರೆದು ಸೋತವನು ಅವನೇ.

"ಅತ್ತೇ, ನೀವೂನಾ?" ಅಂದ.

ಆಕೆ ಹಲಗೆ ಎತ್ತಿ ಹಿಡಿದಳು. ಕೊನೆಯ ಸುತ್ತಿಗೂ ಅದನ್ನೇ ಹಿಡಿದಳು. ಆಗ ಮಿಡತೆ ಇಸ್ತ್ರಿಯ ಬೆನ್ನಿಗೆ ಅಂಟಿದ್ದ.

ಎಂದೂ ತಪ್ಪದವಳ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ಕೊನೆಯ ತಿರುವಿನಲ್ಲಿ ಯಾರೂ ಅವನನ್ನು ದಾಟಿರಲಿಲ್ಲ ನಿಜ. ಏಕೆಂದರೆ ಹಿಂದೆ ಯಾರೋ ಇದ್ದಾರೆ ಎಂದು ಹಲಗೆ ಹೇಳಿದಾಗಲೆಲ್ಲ ಅವನು ಒಳಬದಿಗೆ ಸರಿದು ಬಾಗಿಲು ಮುಚ್ಚುತ್ತಿದ್ದ. ಇವತ್ತು ಹಲಗೆ ಹೇಳಿರಲಿಲ್ಲ. ಇಸ್ತ್ರಿ ಖಾಲಿ ರಸ್ತೆಯಲ್ಲಿ ಹೋಗುವವನ ಹಾಗೆ, ನೋಯುವ ಭುಜಕ್ಕೆ ಸುಲಭವಾಗಲೆಂದು, ಅಗಲವಾಗಿ ಸುಂದರವಾಗಿ ತಿರುಗಿದ. ತೆರೆದ ಬಾಗಿಲಿನಲ್ಲಿ ಮಿಡತೆ ನುಗ್ಗಿದ. ಗೆರೆ ದಾಟುವಾಗ ಇಬ್ಬರ ನಡುವೆ ಒಂದು ಗಾಡಿಯಷ್ಟೇ ಜಾಗವಿತ್ತು. ಮುಂದಿದ್ದವನು ಮಿಡತೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಹೇಳುತ್ತಾರೆ. ಆ ತುತ್ತನ್ನು ತಟ್ಟಿ ಬೀಳಿಸಿದ ಕೈ ತನ್ನದೇ ಆದಾಗ ಹೇಗಿರುತ್ತದೆ ಎಂದು ಅತ್ತೆಗೆ ಅವತ್ತು ಗೊತ್ತಾಯಿತು. ಹಲಗೆಯನ್ನು ಅಂಕಿ ಕಾಣದ ಹಾಗೆ ಗೋಡೆಗೆ ಒರಗಿಸಿಟ್ಟಳು.

ಇಸ್ತ್ರಿ ಗಾಡಿಯಿಂದ ಇಳಿದು ಮೊದಲು ಮಿಡತೆಯನ್ನು ಬಲಗೈಯಿಂದ ತಬ್ಬಿಕೊಂಡ. ಆಮೇಲೆ ವರದಿಗಾರರು ಮುತ್ತಿಕೊಂಡರು.

"ಅವನು ನಿಮ್ಮ ಬೆನ್ನ ಮೇಲೇ ಇದ್ನಲ್ಲ, ಅಷ್ಟು ಅಗಲ ಯಾಕೆ ಬಿಟ್ರಿ?"

ಪರದೆಯ ಮೇಲೆ ಓಡುತ್ತಿದ್ದ ನಿಜವಾದ ಅಂಕಿಗಳನ್ನು ಅಷ್ಟರಲ್ಲಿ ಅವನೂ ನೋಡಿದ್ದ.

"ಹಲಗೆ ಓದೋದ್ರಲ್ಲಿ ನಾನೇ ಎಡವಿದೆ," ಅಂದ. "ಬರೆದಿದ್ದು ಸರಿಯಾಗೇ ಇತ್ತು. ನನ್ನ ಕಣ್ಣಿಗೆ ಬೇರೆ ಕಾಣಿಸ್ತು."

"ಕನ್ನಡಕ ಹಾಕ್ಕೊಳ್ಳೋ ವಯಸ್ಸಾಯ್ತಪ್ಪ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಇಸ್ತ್ರಿಯೂ ನಕ್ಕ. ನಾಲ್ಕು ಸಲ ಚಾಂಪಿಯನ್ ಆದವನು, ಗಾಳಿಯ ವೇಗದಲ್ಲಿ ಹೋಗುತ್ತಾ ರಸ್ತೆಯ ಮೇಲಿನ ಎಣ್ಣೆಯ ಹನಿಯನ್ನೂ ಕಾಣುತ್ತಿದ್ದವನು, ಎಲ್ಲರೆದುರು ಕುರುಡನೆನಿಸಿಕೊಂಡು ನಗುತ್ತ ನಿಂತಿದ್ದ. ಅತ್ತೆಗೆ ಅದನ್ನು ನೋಡಿಕೊಂಡಿರಲು ಆಗಲಿಲ್ಲ. ಕೊಡೆಯ ತುದಿಯಿಂದ ಇಬ್ಬರನ್ನು ಸರಿಸಿ ಮುಂದೆ ನುಗ್ಗಿದಳು.

"ಅವನ ಕಣ್ಣು ಚೆನ್ನಾಗಿದೆ. ಹಲಗೆ ಮೇಲೆ ಮೂರು ಅಂತ್ಲೇ ಇತ್ತು, ಅವನು ಮೂರು ಅಂತ್ಲೇ ಓದಿದ. ಸುಳ್ಳು ಬರೆದವಳು ನಾನು. ಬರ್ಕೊಳ್ಳಿ!"

ನಗು ನಿಂತಿತು. ಇಸ್ತ್ರಿ ತಲೆ ತಗ್ಗಿಸಿ ಅಲ್ಲಿಂದ ಹೊರಟುಬಿಟ್ಟ.

ತಂಡದ ಲಾರಿಯ ಹಿಂಭಾಗದಲ್ಲಿ ಬಟ್ಟೆ ಬದಲಿಸುವ ಚಿಕ್ಕ ಕೋಣೆಯಿತ್ತು. ಅತ್ತೆ ಹೋದಾಗ ಮಗಳು ಕತ್ತರಿ ಹಿಡಿದು ಅವನ ಭುಜದ ಪಟ್ಟಿ ಬಿಡಿಸುತ್ತಿದ್ದಳು. ಚರ್ಮದ ಉಡುಪು ಸೊಂಟದವರೆಗೆ ಜಾರಿತ್ತು. ಭುಜ ಊದಿ ಕೆಂಪಗಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತಳು.

"ಅಳಿಯಂದಿರು ಬಯ್ಯೋದಿದ್ರೆ ಬಯ್ದುಬಿಡಿ."

"ಬಯ್ಯೋದೇನಿದೆ ಅತ್ತೆ. ಕೂತ್ಕೊಳ್ಳಿ."

"ಮಿಡತೆ ಗಾಡಿ ಸದ್ದೂ ಕೇಳಿಸಲಿಲ್ವೇನೋ ನಿನಗೆ? ಅಷ್ಟು ಹತ್ತಿರ ಇದ್ದ!"

"ಕೇಳಿಸ್ತು," ಅಂದ ಇಸ್ತ್ರಿ. "ಎರಡು ಸುತ್ತಿನಿಂದ ಕೇಳಿಸ್ತಾನೇ ಇತ್ತು. ನೋವಿಗೆ ಏನೇನೋ ಕೇಳಿಸ್ತಿದೆ, ಕಿವಿ ಕೆಟ್ಟಿದೆ ಅಂದ್ಕೊಂಡೆ. ಹಲಗೆ ಮೂರು ಅಂತಿತ್ತಲ್ಲ."

ಬಯ್ದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಬಯ್ಗುಳ ಆಕೆಗೆ ಹೊಸದಲ್ಲ, ಕೊಟ್ಟೂ ಗೊತ್ತು, ತಿಂದೂ ಗೊತ್ತು. ಈ ಮಾತಿಗೆ ಮಾತ್ರ ಆಕೆ ಮೂಲೆಯ ಟೈರುಗಳ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಂಡ ಸತ್ತಾಗಲೂ ಅಳದಷ್ಟು ಅತ್ತಳು.

"ಅಮ್ಮ ಮಾಡಿದ್ದು ನನಗೋಸ್ಕರ. ನೀನು ಬೀಳಬಾರದು ಅಂತ ನಾನೇ ಬೆಳಿಗ್ಗೆ ಹೇಳಿದ್ದೆ," ಎಂದು ಮಗಳು ಗಂಡನಿಗೆ ಹೇಳಿದಳು.

"ಗೊತ್ತು ಕಣೇ. ಬೀಳಲಿಲ್ವಲ್ಲ, ಪೂರ್ತಿ ಬಂದಿದ್ದೀನಿ." ಅವನು ಬಲಗೈಯಿಂದ ಹೆಂಡತಿಯ ಕೈ ಹಿಡಿದುಕೊಂಡ. ಆಮೇಲೆ ಬಹಳ ಮೆಲ್ಲಗೆ ಅಂದ: "ಆದ್ರೆ ಗೆದ್ದ ಮೇಲೆ ನಿಲ್ಲಿಸ್ತೀನಿ ಅಂದಿದ್ದೆ. ಗೆದ್ದಿಲ್ಲ. ಹೀಗೆ ಬಾಗಿಲು ತೆರೆದಿಟ್ಟು ಸೋತು ಬಿಡೋಕೆ ನನ್ನ ಕೈಲಿ ಆಗಲ್ಲ. ಇನ್ನೊಂದು ವರ್ಷ ಓಡಿಸ್ತೀನಿ."

ಮಗಳು ಕತ್ತರಿಯನ್ನು ಕೆಳಗಿಟ್ಟಳು. ಅತ್ತೆ ಅಳು ನಿಲ್ಲಿಸಿ ಇಬ್ಬರನ್ನೂ ನೋಡಿದಳು. ಅವನನ್ನು ಮನೆಗೆ ತಲುಪಿಸಲೆಂದು ಬರೆದ ಸುಳ್ಳು ಅವನನ್ನು ಮತ್ತೆ ಒಂದು ವರ್ಷ ಅದೇ ರಸ್ತೆಗೆ ಕಳಿಸುತ್ತಿತ್ತು.

"ಹಲಗೆ ಬೇರೆ ಯಾರಿಗಾದ್ರೂ ಕೊಡಪ್ಪ. ನನ್ನ ಯೋಗ್ಯತೆ ಮುಗೀತು," ಅಂದಳು.

"ಬೇರೆಯವರದ್ದನ್ನ ಓದೋಕೆ ನನಗೆ ಬರಲ್ಲ ಅತ್ತೆ. ನೀವೇ ಹಿಡೀಬೇಕು."

"ಇನ್ನೂ ನಂಬ್ತೀಯಾ?"

"ಇಷ್ಟು ವರ್ಷದಲ್ಲಿ ಒಂದು ಸಲ. ಅದನ್ನೂ ಊರಿಗೆಲ್ಲ ಕೂಗಿ ಹೇಳಿದ್ರಿ. ಇನ್ಯಾರನ್ನ ನಂಬಲಿ?"

ಮುಂದಿನ ವರ್ಷದ ಮೊದಲ ರೇಸಿಗೆ ಮಗಳು ಮೊಟ್ಟಮೊದಲ ಸಲ ಮೋಟುಗೋಡೆಯ ಹತ್ತಿರ ಬಂದು ಅಮ್ಮನ ಪಕ್ಕ ನಿಂತಳು. ಇಷ್ಟು ವರ್ಷ ಅವಳು ಲಾರಿಯೊಳಗೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಇಸ್ತ್ರಿ ಮುಂದಿದ್ದ, ಮಿಡತೆ ಅವನ ಹಿಂದೆ. ಕೊನೆಯ ಸುತ್ತುಗಳಲ್ಲಿ ಅಂತರ ಮೂರಾಯಿತು, ಎರಡಾಯಿತು, ಒಂದಾಯಿತು. ಎದುರಿನ ತಿರುವಿನಲ್ಲಿ ಇಬ್ಬರೂ ಒಂದೇ ಗಾಡಿಯ ಹಾಗೆ ಒರಗಿ ಹೋದರು. ಅತ್ತೆ ವಾಚು ನೋಡಿ, ಬಗ್ಗಿ, ಡಬ್ಬಿಯಿಂದ ಸೊನ್ನೆಯನ್ನು ತೆಗೆದಳು.

ಮಗಳು ಆ ಅಂಕಿಯನ್ನು ನೋಡಿದಳು. ಅದನ್ನು ಓದಿದ ಮೇಲೆ ಅವನು ಬ್ರೇಕನ್ನು ಎಷ್ಟು ತಡವಾಗಿ ಒತ್ತುತ್ತಾನೆಂದು ಅವಳಿಗೂ ಗೊತ್ತಿತ್ತು. ಅವಳ ಕೈ ಅಮ್ಮನ ಮುಂಗೈಯನ್ನು ಹಿಡಿದುಕೊಂಡಿತು, ಉಗುರು ಊರುವಷ್ಟು ಬಿಗಿಯಾಗಿ.

"ಅಮ್ಮಾ," ಅಂದಳು. ಅಷ್ಟೇ.

"ಗೊತ್ತು ಕಣೇ," ಅಂದಳು ಅತ್ತೆ. ಮಗಳ ಕೈ ತನ್ನ ಕೈ ಮೇಲಿರುವಂತೆಯೇ ಸೊನ್ನೆಯನ್ನು ಸಂದಿಗೆ ಸಿಕ್ಕಿಸಿ, ಅಳಿಯನಿಗೆ ಕಾಣುವ ಹಾಗೆ ಹಲಗೆಯನ್ನು ಎತ್ತಿ ಹಿಡಿದಳು.